ಎರಡಡಿ ಅಗಲದ ಆಸೆ

ಭಾರತದ ರಸ್ತೆಯ ಮೇಲೆ ಓಡುವ ಬಸ್ಸು 2.6 ಮೀಟರಿಗಿಂತ ಅಗಲ ಇರಕೂಡದು. ಕೇಂದ್ರ ಮೋಟಾರು ವಾಹನ ನಿಯಮಾವಳಿಯ 93ನೇ ನಿಯಮ ಹಾಗೆನ್ನುತ್ತದೆ. ಅಮೆರಿಕದಲ್ಲಿ ಈ ಮಿತಿ 102 ಅಂಗುಲ, ಅಂದರೆ 2.59 ಮೀಟರ್. ಎಡಕ್ಕೆ ಓಡಿಸುವ ದೇಶವೂ ಬಲಕ್ಕೆ ಓಡಿಸುವ ದೇಶವೂ ಹೆಚ್ಚೂಕಡಿಮೆ ಒಂದೇ ಅಳತೆಗೆ ಬಂದು ನಿಂತಿವೆ. ಕಲಬುರಗಿಯ ಬ್ರಹ್ಮಪುರದ ಒಳ ಓಣಿಗಳು ಮಾತ್ರ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಮ್ಮ ಭಾವ ಹುಟ್ಟಿ ಬೆಳೆದ ಓಣಿಯಲ್ಲಿ ಎರಡು ಬೈಕು ಎದುರಾದರೆ ಒಬ್ಬ ಸವಾರ ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಲೂರಿ ಇನ್ನೊಬ್ಬನಿಗೆ ದಾರಿ ಬಿಡಬೇಕು. ಅಲ್ಲಿಂದ ಹೊರಟ ಮನುಷ್ಯ ಟೆಕ್ಸಾಸಿನಲ್ಲಿ ನೌಕರಿ ಮುಗಿಸಿ, ಮಕ್ಕಳು ದೂರವಾದ ಮೇಲೆ, ನಿಂತಲ್ಲೇ ಅಗಲವಾಗುವ ಹಳೆಯ ಬಸ್ಸೊಂದನ್ನು ಕೊಂಡ. ಆ ಬಸ್ಸನ್ನು ಮಾರಿ ಊರಿಗೆ ಬಂದವನಿಗೆ ಈಗ ಅಂಥದೇ ಒಂದನ್ನು ಕಲಬುರಗಿಯಲ್ಲಿ ಕಟ್ಟಿಸುವ ಹುಚ್ಚು. ನಮ್ಮ ಪ್ರವಾಸಕ್ಕೆ ಕಾರಣ ಇಷ್ಟೇ.

ಬಸ್ಸನ್ನು ಮನೆಯಾಗಿಸುವುದು ಅಮೆರಿಕದಲ್ಲಿ ಒಂದು ದೊಡ್ಡ ಕಸುಬು. ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ 1924ರಲ್ಲಿ ಶುರುವಾದ ಪ್ರಿವೋ ಕಂಪನಿ ಸೀಟಿಲ್ಲದ ಬರಿಯ ಬಸ್ಸಿನ ಕವಚ ಮಾಡಿ ಕೊಡುತ್ತದೆ. ಮ್ಯಾರಥಾನ್, ಲಿಬರ್ಟಿಯಂಥ ಕಂಪನಿಗಳು ಅದರೊಳಗೆ ಅಡುಗೆಮನೆ, ಮಲಗುವ ಕೋಣೆ, ಅಮೃತಶಿಲೆಯ ಬಚ್ಚಲು ಕೂರಿಸುತ್ತವೆ. ಹೊಸದರ ಬೆಲೆ ಇಪ್ಪತ್ತು ಲಕ್ಷ ಡಾಲರು ದಾಟುತ್ತದೆ. ಇಷ್ಟೆಲ್ಲ ಸುರಿದ ಮೇಲೂ ಒಳಗಿನ ಅಗಲ ಎಂಟಡಿ ಮುಟ್ಟುವುದಿಲ್ಲ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಹಿಂದೆ ಹಾಯಲಿಕ್ಕೆ ಓರೆಯಾಗಬೇಕು. ಇದಕ್ಕೆ ಸಿಕ್ಕ ಉಪಾಯವೇ ಸ್ಲೈಡ್‌ಔಟ್. ಬಸ್ಸಿನ ಪಕ್ಕದ ಗೋಡೆಯಲ್ಲಿ ದೊಡ್ಡ ಕಿಂಡಿ ಕೊರೆದು, ಸೋಫಾ ಸಮೇತ ಅಥವಾ ಅಡುಗೆ ಕಟ್ಟೆ ಸಮೇತ ಒಂದು ಕೋಣೆಯನ್ನೇ ಮೇಜಿನ ಖಾನೆಯ ಹಾಗೆ ಕೂರಿಸುವುದು. ಬಸ್ಸು ಓಡುವಾಗ ಕೋಣೆ ಒಳಗೆ, ನಿಂತಾಗ ಸುಮಾರು ಎರಡಡಿ ಹೊರಗೆ. 1990ರಲ್ಲಿ ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ ಮೋಟಾರ್‌ಹೋಮುಗಳಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಆ ದಶಕ ಮುಗಿಯುವ ಹೊತ್ತಿಗೆ ಬಸ್ಸುಗಳಿಗೂ ಬಂತು. ಭಾವನ ಬಸ್ಸಿನಲ್ಲಿ ಇಂಥವು ಎರಡಿದ್ದವಂತೆ. ಎರಡನ್ನೂ ಹೊರಗೆ ಬಿಟ್ಟ ಸಂಜೆ ನಡುವೆ ನಿಂತು ಎರಡೂ ಕೈ ಚಾಚಿದರೂ ಗೋಡೆ ತಾಗುತ್ತಿರಲಿಲ್ಲ ಎಂದು ಆತ ಹೇಳುವಾಗ ದನಿಯಲ್ಲಿ ಈಗಲೂ ಹೆಮ್ಮೆ.

ಅಕ್ಕ, ಭಾವ, ನಾನು ಬೆಂಗಳೂರಿನಿಂದ ಹೊರಟಿದ್ದು ಬಾಡಿಗೆಯ ಕ್ಯಾರವಾನಿನಲ್ಲಿ. ಹಾಸಿಗೆ, ಪುಟ್ಟ ಫ್ರಿಜ್, ಶೌಚಾಲಯ ಎಲ್ಲ ಇದ್ದವು, ಜಾರುವ ಕೋಣೆ ಮಾತ್ರ ಇರಲಿಲ್ಲ. ಹಿರಿಯೂರು, ಬಳ್ಳಾರಿ, ಸಿರುಗುಪ್ಪ, ಲಿಂಗಸುಗೂರು, ಸುರಪುರ, ಶಹಾಪುರ ಆಗಿ ಜೇವರ್ಗಿ ಮುಟ್ಟಿದೆವು. ಈ ದಾರಿಯ ಬಗ್ಗೆ ಹೇಳಲಿಕ್ಕೆ ಬೇಕಾದಷ್ಟಿದೆ. ಆದರೆ ಭಾವ ಅದಾವುದನ್ನೂ ನೋಡಲಿಲ್ಲ. ಪ್ರತಿ ರಸ್ತೆ ಉಬ್ಬಿಗೂ ಗೋಡೆಯ ಮೂಲೆಗೆ ಕಿವಿಯಿಟ್ಟು ಎಲ್ಲಿ ಕಿರುಗುಟ್ಟಿತು ಎಂದು ಗುರುತು ಹಾಕಿಕೊಳ್ಳುತ್ತಿದ್ದ. ಜೇವರ್ಗಿ ದಾಟಿ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆ ಕಂಡಾಗ ಮಾತ್ರ ಗಾಡಿ ನಿಧಾನ ಮಾಡಿಸಿ ಕೈ ಮುಗಿದ. ಎರಡೂ ದಂಡೆಗೆ ಎರೆಭೂಮಿ, ಕಣ್ಣು ಹರಿಯುವ ತನಕ ತೊಗರಿ.

ಕ್ಯಾರವಾನು ಬ್ರಹ್ಮಪುರಕ್ಕೆ ಬರುವ ಮಾತೇ ಇರಲಿಲ್ಲ. ರಿಂಗ್ ರೋಡಿನ ಆಚೆ ಪರಿಚಯದವರ ದಾಲ್ ಮಿಲ್ಲಿನ ಅಂಗಳದಲ್ಲಿ ಅದನ್ನು ನಿಲ್ಲಿಸಿ ಆಟೋ ಹಿಡಿದೆವು. ಮಾರನೆಯ ಬೆಳಗ್ಗೆ ನೋಡಿದರೆ ಗಾಡಿಯ ಮೇಲೆಲ್ಲ ಬೇಳೆ ಹೊಟ್ಟಿನ ನವಿರು ಧೂಳು, ಕಿಟಕಿಯ ರಬ್ಬರಿನ ಸಂದಿಯಲ್ಲೂ ಅದೇ. ಭಾವ ಬೆರಳಲ್ಲಿ ಕೆರೆದು ತೆಗೆದು ಬಹಳ ಹೊತ್ತು ನೋಡಿದ. ಅದು ಅವನ ಯೋಜನೆಗೆ ಬಿದ್ದ ಮೊದಲ ಪೆಟ್ಟು ಎಂದು ನನಗೆ ಆಮೇಲೆ ತಿಳಿಯಿತು.

ಬ್ರಹ್ಮಪುರದ ಹಳೆಯ ಮನೆಗಳು ಜಾಗದ ಪ್ರಶ್ನೆಯನ್ನು ಬಗೆಹರಿಸಿಕೊಂಡ ರೀತಿಯೇ ಬೇರೆ. ಶಹಾಬಾದಿನ ಕಲ್ಲು ಹಾಸಿದ ಪಡಸಾಲೆ, ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲೆ ಮಾಳಿಗೆ. ಒಳಗಿನ ಕೋಣೆ ಚಿಕ್ಕದು, ಏಕೆಂದರೆ ಅದರಲ್ಲಿ ಯಾರೂ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42, 43 ಡಿಗ್ರಿ ಮುಟ್ಟುವ ಊರು ಇದು. ಹಗಲೆಲ್ಲ ಕುದಿದ ಗೋಡೆ ರಾತ್ರಿ ಹನ್ನೊಂದರವರೆಗೂ ಬಿಸಿ ಬಿಡುತ್ತಲೇ ಇರುತ್ತದೆ. ಆದ್ದರಿಂದ ಜನ ಸಂಜೆಗೆ ಕಟ್ಟೆಗೆ ಬರುತ್ತಾರೆ, ರಾತ್ರಿಗೆ ಮಾಳಿಗೆ ಏರುತ್ತಾರೆ. ಭಾವನ ಚಿಕ್ಕಮ್ಮ ಎಂಬತ್ತು ದಾಟಿದ ಮೇಲೂ ಮಾಳಿಗೆಯ ಮೆಟ್ಟಿಲು ಬಿಟ್ಟಿಲ್ಲ. ಭಾವ ಮೊಬೈಲಿನಲ್ಲಿ ತನ್ನ ಹಳೆಯ ಬಸ್ಸಿನ ಗೋಡೆ ಸರಿಯುವ ವಿಡಿಯೊ ತೋರಿಸಿದಾಗ ಆಕೆ ಖಡಕ್ ರೊಟ್ಟಿ ಮುರಿಯುತ್ತಲೇ ನೋಡಿದರು. ಕೋಣೆ ಪೂರ್ತಿ ಹೊರಗೆ ಬಂದು ನಿಂತಿತು. “ಅಷ್ಟು ಕಷ್ಟಪಟ್ಟು ಕ್ವಾಣಿ ಹೊರಗ ತಂದ್ರಿ. ನೀವ್ಯಾಕ ಹೊರಗ ಬರಲಿಲ್ಲ?” ಅಂದರು. ಭಾವ ನಕ್ಕ, ಉತ್ತರ ಕೊಡಲಿಲ್ಲ. ಆತನ ಪರ ವಹಿಸಿ ಹೇಳಬೇಕೆಂದರೆ, ಟೆಕ್ಸಾಸಿನ ಬೇಸಿಗೆಯೂ ಕಲಬುರಗಿಗೇನು ಕಡಿಮೆಯಲ್ಲ. ಆದರೆ ಅಲ್ಲಿ ಬಸ್ಸು ನಿಲ್ಲುವ ಶಿಬಿರಗಳಲ್ಲಿ ಪ್ರತಿ ಗಾಡಿಗೂ ಮೂವತ್ತು ಇಲ್ಲವೇ ಐವತ್ತು ಆಂಪಿಯರಿನ ವಿದ್ಯುತ್ತು, ನೀರು, ಚರಂಡಿ ಎಲ್ಲದರ ಸಂಪರ್ಕ ಸಿಗುತ್ತದೆ. ಎಸಿ ಹಾಕಿಕೊಂಡು ಒಳಗೇ ಕೂರಬಹುದು. ಅಂಥ ಕಡೆ ಒಳಗಿನ ಎರಡಡಿಗೆ ಬೆಲೆ.

ಬ್ರಹ್ಮಪುರದಲ್ಲಿ ಶರಣಬಸವೇಶ್ವರರ ದೇವಸ್ಥಾನದ ಕಡೆಗೆ ನಡೆಯುತ್ತ ಭಾವ ಇದನ್ನೇ ಯೋಚಿಸುತ್ತಿದ್ದಿರಬೇಕು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದ ಶರಣರು ಅವರು. ಹೋಳಿ ಕಳೆದ ಐದನೆಯ ದಿನ ಇಲ್ಲಿ ತೇರು. ನಾವು ಹೋದಾಗ ಜಾತ್ರೆಯ ಕಾಲವಲ್ಲ. ತೇರು ಸುಮ್ಮನೆ ನಿಂತಿತ್ತು. ಭಾವ ಅದರ ಗಾಲಿಯ ಹತ್ತಿರ ಹೋಗಿ ನಿಂತ. ತೇರಿಗೆ ಸ್ಟೇರಿಂಗ್ ಇಲ್ಲ, ಬ್ರೇಕೂ ಇಲ್ಲ. ಗಾಲಿಯ ಕೆಳಗೆ ಮರದ ಸನ್ನೆ ಕೊಟ್ಟು ಅದನ್ನು ತಿರುಗಿಸುತ್ತಾರೆ, ಸನ್ನೆ ಕೊಟ್ಟೇ ನಿಲ್ಲಿಸುತ್ತಾರೆ. ಸಾವಿರಾರು ಜನ ಎಳೆಯುವವರು, ಸನ್ನೆ ಹಿಡಿದವರು ಕೆಲವೇ ಮಂದಿ, ಹೆಸರು ಮಾತ್ರ ಎಳೆದವರದು. ಚಿಕ್ಕಂದಿನಲ್ಲಿ ಸನ್ನೆಯವರನ್ನು ನೋಡಲಿಕ್ಕೆಂದೇ ಮುಂದಿನ ಸಾಲಿಗೆ ನುಗ್ಗುತ್ತಿದ್ದೆ ಎಂದ ಭಾವ. ಆತ ಎಂಜಿನಿಯರ್ ಆದದ್ದು ಅಲ್ಲಿಂದಲೇ ಇರಬಹುದು, ಯಾರಿಗೆ ಗೊತ್ತು.

ಬಸ್ಸು ಕಟ್ಟಿಸಲು ಭಾವ ಗೊತ್ತುಮಾಡಿಕೊಂಡಿದ್ದ ಮಿಸ್ತ್ರಿಯ ಗ್ಯಾರೇಜು ಹುಮನಾಬಾದ್ ರಸ್ತೆಯ ಕಡೆಗಿದೆ. ಲಾರಿಯ ಕ್ಯಾಬಿನ್, ಟ್ರ್ಯಾಕ್ಟರಿನ ಟ್ರಾಲಿ, ಶಾಲೆ ಬಸ್ಸಿನ ಬಾಡಿ ಕಟ್ಟುವ ಜಾಗ. ಮಿಸ್ತ್ರಿ ಕನ್ನಡವನ್ನೂ ದಖನಿಯನ್ನೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ. ಭಾವ ಹೇಳಿದ್ದನ್ನೆಲ್ಲ ಕೇಳಿ, ಬೀಡಿ ಆರಿಸಿ, ಒಂದು ಸೀಮೆಸುಣ್ಣ ತಂದು ಕೈಗಿತ್ತ. ಶಹಾಬಾದ್ ಕಲ್ಲಿನ ನೆಲದ ಮೇಲೆ ಭಾವ ಬಸ್ಸಿನ ಅಡ್ಡ ಸೀಳಿಕೆ ಬರೆದ. ಆ ಮಧ್ಯಾಹ್ನ ಅಲ್ಲಿ ನಡೆದ ವಾದ ಯಾವ ಎಂಜಿನಿಯರಿಂಗ್ ಕಾಲೇಜಿನಲ್ಲೂ ನಡೆದಿರಲಾರದು.

ಮೊದಲು ಬಂದದ್ದು ನೆಲದಡಿಯ ಹಲ್ಲುಪಟ್ಟಿಯ ಪದ್ಧತಿ. ಕೋಣೆಯ ಕೆಳಗೆ ಎರಡು ಉಕ್ಕಿನ ತೊಲೆ, ತೊಲೆಗೆ ಹಲ್ಲು, ಆ ಹಲ್ಲಿಗೆ ಕಚ್ಚಿದ ಗಿಯರು, ಗಿಯರು ತಿರುಗಿಸಲು ಒಂದು ಮೋಟಾರು. ಎರಡೂ ತೊಲೆಗಳನ್ನು ಒಂದೇ ಶಾಫ್ಟು ಜೋಡಿಸುವುದರಿಂದ ಕೋಣೆ ಓರೆಯಾಗಿ ಸಿಕ್ಕಿಕೊಳ್ಳುವ ಭಯ ಕಡಿಮೆ. ಮೋಟಾರು ಸತ್ತರೆ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಮಿಸ್ತ್ರಿಗೆ ಇದು ಥಟ್ಟನೆ ಹಿಡಿಸಿತು. ಆದರೆ ಪ್ರಯಾಣಿಕರ ಬಸ್ಸಿನ ಹೊಟ್ಟೆಯ ಕೆಳಗೆ ಲಗೇಜು ಗೂಡುಗಳಿವೆ, ಟ್ಯಾಂಕುಗಳಿವೆ; ಉದ್ದನೆಯ ತೊಲೆ ಹಾಯಲಿಕ್ಕೆ ಸುಲಭಕ್ಕೆ ಜಾಗ ಸಿಗದು. ಇದು ಹೆಚ್ಚಾಗಿ ಏಣಿಯಾಕಾರದ ಚಾಸಿಯ ಗಾಡಿಗಳಿಗೆ, ಎಳೆಯುವ ಟ್ರೇಲರುಗಳಿಗೆ ಹೇಳಿಮಾಡಿಸಿದ್ದು.

ಎರಡನೆಯದನ್ನು ಭಾವ ಬೇಗ ಬರೆದು ಬೇಗ ಅಳಿಸಿದ. ಗೋಡೆಯ ಕಿಂಡಿಯ ಎರಡೂ ಬದಿಗೆ ತೆಳ್ಳನೆಯ ಅಲ್ಯುಮಿನಿಯಂ ಪಟ್ಟಿ, ಪ್ರತಿ ಬದಿಗೂ ಪ್ರತ್ಯೇಕ ಸಣ್ಣ ಮೋಟಾರು. ಶ್ವಿಂಟೆಕ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿ. ನೆಲದಡಿ ಏನೂ ಬೇಡ, ತೂಕ ಕಡಿಮೆ, ಜಾಗ ತಿನ್ನುವುದಿಲ್ಲ. ಎರಡು ಮೋಟಾರುಗಳು ಒಂದೇ ವೇಗದಲ್ಲಿ ತಿರುಗುತ್ತಿವೆಯೇ ಎಂದು ಲೆಕ್ಕ ಇಡುವುದು ಎಲೆಕ್ಟ್ರಾನಿಕ್ ಪೆಟ್ಟಿಗೆಯ ಕೆಲಸ. ಲೆಕ್ಕ ತಪ್ಪಿದರೆ ಒಂದು ಬದಿ ಮುಂದೆ, ಒಂದು ಬದಿ ಹಿಂದೆ. ಹಗುರವಾದ ಬಟ್ಟೆ ಕಪಾಟಿಗೋ ಹಾಸಿಗೆಗೋ ಸರಿ, ಅಡುಗೆಮನೆಯ ಭಾರಕ್ಕಲ್ಲ. ನಾಲ್ಕು ಮೂಲೆಗೆ ಉಕ್ಕಿನ ಹಗ್ಗ ಕಟ್ಟಿ ಎಳೆಯುವ ಇನ್ನೊಂದು ಬಗೆಯೂ ಇದೆ. ಮಿಸ್ತ್ರಿ ಅದರ ಚಿತ್ರ ನೋಡಿ, “ಇದು ಬಾವಿಗಡಗಡಿ, ಬ್ಯಾಡ್ರಿ” ಅಂದ. ಅಲ್ಲಿಗೆ ಆ ಮಾತು ಮುಗಿಯಿತು.

ಉಳಿದದ್ದು ನಿಜವಾದ ಸ್ಪರ್ಧೆ. ಬಸ್ಸುಗಳಲ್ಲಿ ಹೆಸರು ಮಾಡಿದ ಎರಡು ದಾರಿಗಳಿವೆ. ಒಂದು, ವಿದ್ಯುತ್ ಮೋಟಾರಿನದು. ಕೆನಡಾದ ವ್ಯಾಲಿಡ್ ಕಂಪನಿ ಪ್ರಿವೋ ಬಸ್ಸುಗಳಿಗಾಗಿ ಮಾಡಿಕೊಟ್ಟಿದ್ದು ಈ ಬಗೆ. ಇನ್ನೊಂದು, ಹೈಡ್ರಾಲಿಕ್; ಅಯೋವಾ ರಾಜ್ಯದ ಮಾಸ್ಕೋ ಎಂಬ ಪುಟ್ಟ ಊರಿನ ಎಚ್‌ಡಬ್ಲ್ಯೂಎಚ್ ಕಂಪನಿ ಇದರಲ್ಲಿ ಪಳಗಿದ ಕೈ, ಬಸ್ಸು ಸಮ ಮಾಡುವ ಜಾಕುಗಳನ್ನೂ ಅವರೇ ಮಾಡುತ್ತಾರೆ. ಭಾವ ವಿದ್ಯುತ್ತಿನ ಪಕ್ಷ. ಎಣ್ಣೆ ಸೋರುವುದಿಲ್ಲ, ಕಾರ್ಪೆಟ್ಟು ಹಾಳಾಗುವುದಿಲ್ಲ, ಸದ್ದು ಕಡಿಮೆ, ಎಲ್ಲಿ ನಿಲ್ಲಿಸಿದರೆ ಅಲ್ಲಿ ನಿಲ್ಲುತ್ತದೆ. ಹೈಡ್ರಾಲಿಕ್ಕಿಗೆ ಬಲ ಹೆಚ್ಚು ಎಂದು ಒಪ್ಪಿದರೂ, ಎಣ್ಣೆಯ ಕೊಳವೆ ಒಡೆದರೆ ಒಳಗಿನ ಇಡೀ ಮನೆ ಗಬ್ಬು ಎಂಬುದು ಆತನ ವಾದ. ಅಮೆರಿಕದಲ್ಲಿ ಕೂತು ಕೇಳಿದ್ದರೆ ನಾನೂ ತಲೆಯಾಡಿಸುತ್ತಿದ್ದೆ.

ಮಿಸ್ತ್ರಿ ಗೇಟಿನ ಹೊರಗೆ ಕೈ ತೋರಿಸಿದ. ಟಿಪ್ಪರುಗಳು, ಜೇಸಿಬಿಗಳು, ಕಬ್ಬಿನ ಟ್ರಾಲಿ ಎತ್ತುವ ಟ್ರ್ಯಾಕ್ಟರುಗಳು ಹೋಗುತ್ತಿದ್ದವು. ಎಲ್ಲದರಲ್ಲೂ ಹೈಡ್ರಾಲಿಕ್. ಹೋಸ್ ಪೈಪು ಕತ್ತರಿಸಿ ಎರಡೂ ತುದಿಗೆ ನಟ್ಟು ಒತ್ತಿ ಕೊಡುವ ಅಂಗಡಿ ಇದೇ ರಸ್ತೆಯಲ್ಲಿ ಎಷ್ಟಿವೆ ಎಣಿಸಿಕೊಂಡು ಬನ್ನಿ ಅಂದ. ಸಿಲಿಂಡರಿನ ಸೀಲು ಬದಲಿಸುವ ಹುಡುಗ ಜೇವರ್ಗಿಯಲ್ಲೂ ಸಿಗುತ್ತಾನೆ, ಆಳಂದದಲ್ಲೂ ಸಿಗುತ್ತಾನೆ. “ನಿಮ್ ಕರೆಂಟಿನ ಡಬ್ಬಿ ಕೆಟ್ರ ಕೆನಡಾಕ್ಕ ಯಾರು ಹೋಗೋರ್ರಿ? ಹೊರಗ ಬರೋದು ಕಮಾಲ್ ಅಲ್ರಿ ಸಾಹೇಬ್ರ. ವಾಪಸ್ ಹೋಗಬೇಕಲ್ಲ, ಅದು ಕಮಾಲ್.”

ಭಾವ ಒಂದು ಕ್ಷಣ ಸುಮ್ಮನಾದ. ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ ಅವನ ಬಸ್ಸಿನ ಒಂದು ಕೋಣೆ ಹೊರಗೇ ಸಿಕ್ಕಿಕೊಂಡಿದ್ದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೊರಗೆ ಚಾಚಿದ ಕೋಣೆಯೊಂದಿಗೆ ಹೆದ್ದಾರಿಗೆ ಇಳಿಯುವಂತಿಲ್ಲ. ಕೈಯಿಂದ ತಿರುಗಿಸುವ ಕೀಲಿ ಇದ್ದದ್ದು ಸೋಫಾದ ಹಿಂದೆ. ಸೋಫಾ ಬಿಚ್ಚಬೇಕೆಂದರೆ ಕೋಣೆ ಒಳಗಿರಬೇಕು. ಅಕ್ಕ ಆ ರಾತ್ರಿಯ ಸುದ್ದಿ ಹೇಳುವಾಗ ನಗುವುದಿಲ್ಲ.

ಇಷ್ಟಾದರೂ ಎಳೆಯುವ ಯಂತ್ರ ಇಡೀ ಕಾರ್ಯದಲ್ಲಿ ಸುಲಭದ ಭಾಗ. ಕಷ್ಟವಿರುವುದು ಸಂದಿಯಲ್ಲಿ. ಕಿಂಡಿಗೂ ಕೋಣೆಗೂ ನಡುವೆ ಸುತ್ತಲೂ ಬಿಡುವು ಇರಲೇಬೇಕು, ಇಲ್ಲದಿದ್ದರೆ ಕೋಣೆ ಸರಿಯದು. ಬಿಡುವು ಇದ್ದರೆ ಮಳೆ, ಗಾಳಿ, ಧೂಳು, ಸದ್ದು ಒಳಗೆ. ಸಾಮಾನ್ಯ ಗಾಡಿಗಳಲ್ಲಿ ರಬ್ಬರಿನ ಉಬ್ಬುಪಟ್ಟಿ, ಒರೆಸುವ ಪಟ್ಟಿ ಸಾಕು. ಬೆಲೆಬಾಳುವ ಬಸ್ಸುಗಳಲ್ಲಿ ಗಾಳಿ ತುಂಬುವ ಸೀಲು ಇರುತ್ತದೆ. ಕೋಣೆಯ ಸುತ್ತ ಒಂದು ರಬ್ಬರಿನ ಕೊಳವೆ. ಬಸ್ಸಿನ ಬ್ರೇಕಿಗೆ ಗಾಳಿ ಕೊಡುವ ಕಂಪ್ರೆಸರಿನಿಂದಲೇ, ಒತ್ತಡ ತೀರ ತಗ್ಗಿಸಿ, ಅದಕ್ಕೂ ಗಾಳಿ. ಕೋಣೆ ಸರಿಯುವ ಮುನ್ನ ಕೊಳವೆ ಕುಗ್ಗಬೇಕು, ನಿಂತ ಮೇಲೆ ಉಬ್ಬಬೇಕು. ಕುಗ್ಗುವ ಮೊದಲೇ ಮೋಟಾರು ತಿರುಗಿದರೆ ರಬ್ಬರು ಹರಿದು ಚಿಂದಿ. ಅದಕ್ಕೇ ಕೈ ಬ್ರೇಕು ಹಾಕಿದೆಯೇ, ಕೊಳವೆಯ ಗಾಳಿ ಇಳಿದಿದೆಯೇ ಎಂದು ಒಂದೊಂದನ್ನೂ ನೋಡಿದ ಮೇಲೇ ಮುಂದಿನ ಹೆಜ್ಜೆ ಇಡುವ ಹಾಗೆ ಸ್ವಿಚ್ಚುಗಳನ್ನು ಜೋಡಿಸಿರುತ್ತಾರೆ.

ಭಾವ ಇದನ್ನು ಬಹಳ ನಾಜೂಕಿನ ತಂತ್ರ ಎಂಬಂತೆ ವಿವರಿಸಿದ. ಮಿಸ್ತ್ರಿಗೆ ಇದೇ ಎಲ್ಲಕ್ಕಿಂತ ಸಲೀಸಾಗಿ ಅರ್ಥವಾಯಿತು. ಸಾರಿಗೆ ಬಸ್ಸಿನ ಬಾಗಿಲು ಗಾಳಿಯದು, ಬ್ರೇಕು ಗಾಳಿಯದು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವ ಊರು ಇದು, ಗಾಳಿಯ ಕೆಲಸ ಗೊತ್ತಿರುವವರಿಗೆ ಇಲ್ಲಿ ಬರವಿಲ್ಲ. “ಟ್ಯೂಬ್ ಅಂದ್ರಲ್ಲ? ಹರಿದ್ರ ಪಂಕ್ಚರ್ ಹಾಕ್ತಾರ.” ಅವನಿಗಿದ್ದ ಚಿಂತೆ ಬಿಸಿಲಿನದು. ನಾಲ್ಕು ಬೇಸಿಗೆ ಕಳೆದರೆ ಇಲ್ಲಿ ಯಾವ ರಬ್ಬರೂ ಸೀಳುತ್ತದೆ. ಸೀಳಿದ ರಬ್ಬರಿಗೆ ತೊಗರಿಯ ಧೂಳು ಹೊಕ್ಕರೆ ಅದು ಮರಳುಕಾಗದದ ಕೆಲಸ ಮಾಡಿ, ಕೋಣೆಯ ಬಣ್ಣವನ್ನೇ ಕೆರೆಯುತ್ತದೆ. ಜೊತೆಗೆ ಹೊರಗೆ ಬಂದ ಕೋಣೆಯ ತಲೆ ಚಪ್ಪಟೆ. ಮಳೆ ನೀರು, ಬೇವಿನ ಎಲೆ, ಹಕ್ಕಿಯ ಹಿಕ್ಕೆ ಎಲ್ಲ ಅಲ್ಲೇ ಕೂತು, ಒಳಗೆ ಎಳೆದಾಗ ಜೊತೆಗೇ ಒಳಗೆ ಬರುತ್ತವೆ. ಅಮೆರಿಕದಲ್ಲಿ ಅದರ ಮೇಲೆ ತಾನೇ ಬಿಚ್ಚಿಕೊಂಡು ತಾನೇ ಸುತ್ತಿಕೊಳ್ಳುವ ಬಟ್ಟೆಯ ಚಪ್ಪರ ಹಾಕುತ್ತಾರೆ. ಇಲ್ಲಿ ತಾಡಪತ್ರಿ.

ಗೋಡೆ ಕೊರೆಯುವ ವಿಷಯಕ್ಕೆ ಬಂದಾಗ ಭಾವನಿಗೆ ಒಂದು ಅನುಕೂಲ ಕಂಡಿತು. ಪ್ರಿವೋದಂಥ ಬಸ್ಸಿನಲ್ಲಿ ಪಕ್ಕದ ಗೋಡೆಯೇ ಭಾರ ಹೊರುವ ಚೌಕಟ್ಟಿನ ಭಾಗ. ಅದರಲ್ಲಿ ಹತ್ತು ಹನ್ನೆರಡು ಅಡಿಯ ಕಿಂಡಿ ಕೊರೆದರೆ ಬಸ್ಸಿನ ಬೆನ್ನೇ ಜೋತು ಬೀಳುತ್ತದೆ, ಸುತ್ತಲೂ ಉಕ್ಕು ಕಟ್ಟಿ ಬಲ ಮರಳಿ ಕೊಡಬೇಕು. ನಮ್ಮ ಹೆಚ್ಚಿನ ಬಸ್ಸುಗಳು ಏಣಿಯ ಹಾಗಿನ ಚಾಸಿಯ ಮೇಲೆ ಬೇರೆಯಾಗಿ ಕಟ್ಟಿದ ಬಾಡಿಗಳು, ಕೆಳಗಿನ ಏಣಿ ಭಾರ ಹೊರುತ್ತದೆ. ಹಾಗಿದ್ದರೂ ಉರುಳಿದಾಗ ಜೀವ ಉಳಿಸುವುದು ಮೇಲಿನ ಕಂಬಗಳೇ. ಒಂದು ಕಂಬ ಕತ್ತರಿಸಿದರೂ ಉತ್ತರ ಹೇಳಬೇಕು.

ಆ ಉತ್ತರ ಕೇಳುವವರ ಹೆಸರು ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ರೂಪವನ್ನು ಮಾಲೀಕ ತನ್ನ ಇಷ್ಟದಂತೆ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಗಟ್ಟಿಯಾಗಿ ಹೇಳಿತು. ಮನೆಗಾಡಿಗಳಿಗೆ ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡವಿದೆ, ಹೊಸ ಚಾಸಿ ಕೊಂಡು ಅದರ ಪ್ರಕಾರ ಕಟ್ಟಿಸಿ ಒಪ್ಪಿಗೆ ಪಡೆಯಬೇಕು. ಸಾರಿಗೆ ನಿಗಮದ ಹರಾಜಿನಲ್ಲಿ ಹಳೆಯ ಬಸ್ಸು ಹಿಡಿಯುವ ಭಾವನ ಆಸೆಯೂ ಅಲ್ಲೇ ಮುರಿಯಿತು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ಊರ್ಜಿತವಲ್ಲ, ಅವು ಹೋಗಬೇಕಾದದ್ದು ನೋಂದಾಯಿತ ಗುಜರಿ ಕೇಂದ್ರಕ್ಕೆ. ಇದನ್ನು ಹೇಳಿದ್ದು ಮಿಸ್ತ್ರಿಯೇ, ತನ್ನದೇ ಗಿರಾಕಿಯನ್ನು ತಾನೇ ತಿರುಗಿಸುತ್ತಿದ್ದೇನೆಂಬ ಅಳುಕಿಲ್ಲದೆ.

ಬಸ್ಸನ್ನು ಬೇರೇನೋ ಆಗಿ ಮಾಡುವ ಕೆಲಸ ನಮ್ಮಲ್ಲಿ ಇಲ್ಲವೆಂದಲ್ಲ. 2020ರಲ್ಲಿ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಕೆಎಸ್‌ಆರ್‌ಟಿಸಿಯ ಹಳೆಯ ಬಸ್ಸೊಂದು ಹೆಂಗಸರ ಶೌಚಾಲಯವಾಗಿ ನಿಂತಿತು. 2023ರ ನವೆಂಬರಿನಲ್ಲಿ ಕೇರಳದ ಇಡೀ ಮಂತ್ರಿಮಂಡಲ ರಾಜ್ಯ ಸುತ್ತಲು ಹೊರಟ ನವಕೇರಳ ಬಸ್ಸಿನ ಬಾಡಿ ಕಟ್ಟಿದ್ದು ಕರ್ನಾಟಕದಲ್ಲಿ. ಭಾರತ್‌ಬೆಂಜ್ ಚಾಸಿ, ಸುಮಾರು 1.05 ಕೋಟಿ ರೂಪಾಯಿ, ಮುಖ್ಯಮಂತ್ರಿಗೆ ತಿರುಗುವ ಕುರ್ಚಿ. ಅದು ಪಯಣ ಆರಂಭಿಸಿದ್ದು ಕಾಸರಗೋಡಿನ ಕನ್ನಡದ ನೆಲವಾದ ಪೈವಳಿಕೆಯಿಂದ. ಮರುವರ್ಷ ಮೇ ತಿಂಗಳಲ್ಲಿ ಅದೇ ಬಸ್ಸು ಟಿಕೆಟ್ ಹರಿದು ಕೋಯಿಕ್ಕೋಡ್‌ ಮತ್ತು ಬೆಂಗಳೂರಿನ ನಡುವೆ ಓಡತೊಡಗಿತು. ಮಂತ್ರಿಗಳು ಕೂತ ಬಸ್ಸು ಮರಳಿ ಪ್ರಯಾಣಿಕರ ಬಸ್ಸಾದದ್ದು ನನಗೆ ಇಡೀ ಪ್ರಹಸನದಲ್ಲಿ ತುಂಬ ಹಿಡಿಸಿದ ಭಾಗ. ಭಾವನ ಹಳೆಯ ಬಸ್ಸು ಹಾಗೆ ಮರಳಲಾರದು. ಗೋಡೆ ಕೊರೆದ ಬಸ್ಸಿಗೆ ಹಿಂದಿನ ದಾರಿ ಇಲ್ಲ.

ಸಂಜೆ ಕೋಟೆಗೆ ಹೋದೆವು. ಅಲ್ಲಿನ 1367ರ ಜಾಮಿ ಮಸೀದಿಗೆ ಅಂಗಳವಿಲ್ಲ. ಬೇರೆ ಮಸೀದಿಗಳಲ್ಲಿ ಬಯಲಾಗಿ ಬಿಟ್ಟಿರುವ ನಡುವಿನ ಜಾಗವನ್ನು ಇಲ್ಲಿ ಸಾಲು ಸಾಲು ಸಣ್ಣ ಗುಮ್ಮಟಗಳ ಕೆಳಗೆ ತಂದುಬಿಟ್ಟಿದ್ದಾರೆ. ಭಾರತದಲ್ಲಿ ಹೀಗೆ ಕಟ್ಟಿದ ಹಳೆಯ ಮಸೀದಿಗಳು ತೀರ ಅಪರೂಪ. ತಗ್ಗಾದ ಅಗಲ ಕಮಾನುಗಳ ಕೆಳಗೆ ಹೊರಗಿನ ಬಿಸಿಲು ಮರೆತೇ ಹೋಗುತ್ತದೆ. ಯಾವ ಗೋಡೆಯೂ ಸರಿಯದೆ ಇಷ್ಟು ಜಾಗ ಒಳಗೆ ಬಂದದ್ದು ಹೇಗೆಂದು ನಾನು ನೋಡುತ್ತ ನಿಂತೆ. ಭಾವ ಕಮಾನಿನ ಬುಡದಲ್ಲಿ ಗಾಳಿಗೆ ಕೈ ಒಡ್ಡಿ, ಗಾಳಿ ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತಿದ್ದ.

ಮರುದಿನ ಕಮಲಾಪುರಕ್ಕೆ ಹೋಗುವುದೆಂದಾಯಿತು. ಮಿಸ್ತ್ರಿಯ ಒತ್ತಾಯ ಅದು; ಜಾರುವ ಕೋಣೆ ಕಟ್ಟುವ ಮೊದಲು ಗಾಡಿ ಎಲ್ಲಿ ನಿಲ್ಲುತ್ತದೆ ನೋಡಬೇಕು ಎಂದ. ಅವನ ಮಾತಿನಲ್ಲಿ ತಥ್ಯವಿತ್ತು. ಬಸ್ಸು ಓರೆಯಾಗಿ ನಿಂತರೆ ಕಿಂಡಿಯ ಚೌಕಟ್ಟೂ ತುಸು ತಿರುಚುತ್ತದೆ. ಚೌಕಟ್ಟು ತಿರುಚಿದಾಗ ಕೋಣೆ ಹೊರಗೆ ತಳ್ಳಿದರೆ ಒಂದು ಮೂಲೆ ಕಚ್ಚುತ್ತದೆ. ಅದಕ್ಕೇ ಮೊದಲು ಜಾಕು ಇಳಿಸಿ ಬಸ್ಸನ್ನು ಸಮ ಮಾಡಬೇಕು, ಆಮೇಲೆ ಕೋಣೆ. ಸಿಮೆಂಟು ಹಾಸಿದ ಶಿಬಿರದಲ್ಲಿ ಇದು ಗುಂಡಿ ಒತ್ತುವ ಕೆಲಸ. ಎರೆಯ ನೆಲ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರಿಯುತ್ತದೆ. ಹಸಿ ಎರೆಯ ಮೇಲೆ ಜಾಕು ಊರಿದರೆ ಬಸ್ಸು ಮೇಲೇರುವ ಬದಲು ಜಾಕು ಕೆಳಗಿಳಿಯುತ್ತದೆ. ಸಂಜೆ ಸಮವಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ವಾಲಿ, ಹೊರಗಿದ್ದ ಕೋಣೆ ಹೊರಗೇ ಸಿಕ್ಕಿಬೀಳುತ್ತದೆ.

ಕಲಬುರಗಿಯಿಂದ ಹುಮನಾಬಾದ್ ದಿಕ್ಕಿಗೆ ಹೆದ್ದಾರಿ ಹಿಡಿದರೆ ಸುಮಾರು ನಲವತ್ತು ಕಿಲೋಮೀಟರಿಗೆ ಕಮಲಾಪುರ. ಈಗ ತಾಲ್ಲೂಕು ಕೇಂದ್ರ. ಹೆಸರಾದದ್ದು ಮಾತ್ರ ಕೆಂಬಾಳೆಗೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ಸಿಪ್ಪೆ ಕೆಂಪು, ಒಳಗೆ ಗಟ್ಟಿ ಸಿಹಿ, ಬೆಳೆಯಲು ಬೇರೆ ಬಾಳೆಗಿಂತ ಹೆಚ್ಚು ತಿಂಗಳು, ಬೆಲೆಯೂ ಹಾಗೆಯೇ. ರಸ್ತೆ ಬದಿಯಲ್ಲಿ ಕೊಂಡು ತಿಂದೆವು. ಅಕ್ಕ ಸಿಪ್ಪೆ ಎಸೆಯಲು ಜಾಗ ಹುಡುಕುತ್ತಿದ್ದಾಗ ಮಿಸ್ತ್ರಿ ಒಂದು ಢಾಬಾದ ಪಕ್ಕ ಗರಸು ಹಾಕಿ ತುಳಿದು ಗಟ್ಟಿ ಮಾಡಿದ ಜಾಗ ತೋರಿಸಿದ. ಕ್ಯಾರವಾನನ್ನು ಅಲ್ಲಿ ನಿಲ್ಲಿಸಿ, ನೆಲದ ಮೇಲೆ ನೀರಿನ ಮಟ್ಟಗೋಲು ಇಟ್ಟ. ಗುಳ್ಳೆ ನಡುವಿಗೆ ಬಂತು.

ಅಲ್ಲಿ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಮೆರಿಕದಲ್ಲಿ ಚಾಲಕ ಕೂರುವುದು ಎಡಕ್ಕೆ, ದೊಡ್ಡ ಕೋಣೆ ಹೆಚ್ಚಾಗಿ ಅದೇ ಬದಿಗೆ. ಅದನ್ನೇ ಇಲ್ಲಿ ಕನ್ನಡಿ ಹಿಡಿದ ಹಾಗೆ ಬಲಕ್ಕೆ ಕೊಟ್ಟರೆ, ರಸ್ತೆ ಬದಿಗೆ ನಿಂತ ಗಾಡಿಯ ಕೋಣೆ ಹೆದ್ದಾರಿಯ ಕಡೆಗೇ ಚಾಚುತ್ತದೆ. ಗಾಡಿಗಳು ಎಷ್ಟು ಒತ್ತಿಕೊಂಡು ಹಾಯುತ್ತವೆಂದು ನೋಡಲು ಅಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಎಡಕ್ಕೆ ಕೊಟ್ಟರೆ ಬಾಗಿಲಿಗೆ ಜಾಗ ಕಡಿಮೆ. ಭಾವ ಟೇಪು ಹಿಡಿದು ಎರಡಡಿಯನ್ನು ಒಂದೂವರೆಗೆ ಇಳಿಸಿದ. ಆಮೇಲೆ ಅಡುಗೆ ಕಟ್ಟೆಯನ್ನು ಕೋಣೆಯಿಂದ ತೆಗೆದು ಬಸ್ಸಿನ ಒಳಗೇ ಇಟ್ಟ, ಭಾರ ಇಳಿಯಲೆಂದು. ಜಾರುವ ಕೋಣೆಯಲ್ಲಿ ಈಗ ಉಳಿದದ್ದು ಒಂದು ಸೋಫಾ. ಎರಡು ಕೋಣೆ ಒಂದಾಗಿತ್ತು, ವಿದ್ಯುತ್ತು ಹೋಗಿ ಎಣ್ಣೆ ಬಂದಿತ್ತು. ಎಣ್ಣೆಯ ಕೊಳವೆಗಳೆಲ್ಲ ಗಾಡಿಯ ಹೊಟ್ಟೆಯ ಕೆಳಗೇ ಇರಬೇಕು, ಒಳಗೆ ಒಂದೂ ಬರಕೂಡದು ಎಂಬ ಕರಾರು ಮಾತ್ರ ಭಾವನದು. ನನಗನ್ನಿಸಿದ್ದು, ಈ ಇಳಿಕೆಯೆಲ್ಲ ಸೋಲಲ್ಲ. ಟೆಕ್ಸಾಸಿನಲ್ಲಿ ಒಳ್ಳೆಯದಾದದ್ದು ಇಲ್ಲಿ ಕೆಟ್ಟದ್ದು ಎಂದೇನೂ ಅಲ್ಲ, ಕೆಟ್ಟು ನಿಂತಾಗ ಯಾರ ಕೈ ಹತ್ತಿರವಿದೆ ಎಂಬುದು ಬೇರೆ, ಅಷ್ಟೇ.

ಢಾಬಾದ ಹೊರಸಿನ ಮೇಲೆ ಕೂತು ಮಿಸ್ತ್ರಿ ಎರಡು ಎಸ್ಟಿಮೇಟು ಬರೆದ. ಮೊದಲನೆಯದು ಹೊಸ ಚಾಸಿಯ ಮೇಲೆ ಜಾರುವ ಕೋಣೆ, ಒಂದೇ ಬದಿಗೆ, ಹೈಡ್ರಾಲಿಕ್, ಗಾಳಿಯ ಸೀಲು, ಹೊರಗಿನಿಂದ ತಿರುಗಿಸುವ ಹ್ಯಾಂಡಲ್, ಅದಕ್ಕೆ ಒಪ್ಪಿಗೆ ಕಾಗದದ ಓಡಾಟ ಬೇರೆ. ಎರಡನೆಯದು ಅದೇ ಗಾಡಿ, ಗೋಡೆ ಕೊರೆಯದೆ, ಬದಿಗೆ ಸುತ್ತಿಡುವ ತಾಡಪತ್ರಿ ಚಪ್ಪರ, ಮಡಚುವ ಹೊರಸು ಎರಡು. ಎರಡನೆಯದರ ಮೊತ್ತ ನೋಡಿ ಅಕ್ಕ ಮೊದಲನೆಯದನ್ನು ಓದಲೇ ಇಲ್ಲ. ಭಾವ ಮೊದಲನೆಯದನ್ನು ಹಿಡಿದು ಚೌಕಾಸಿಗೆ ಕೂತ.

“ಅದೆಲ್ಲ ಇರಲಿ,” ಅಂದಳು ಅಕ್ಕ, “ನಡುರಾತ್ರಿ ಇದು ಒಳಗ ಹೋಗಲಿಲ್ಲಂದ್ರ ತಳ್ಳೋರು ಯಾರು?”

“ಇಲ್ಲಿ ನಿಂತಿದ್ರ ಹತ್ತು ಮಂದಿ ಬರ್ತಾರ್ರಿ ಬಾಯಾರ,” ಎಂದ ಮಿಸ್ತ್ರಿ, ಢಾಬಾದ ಹುಡುಗರ ಕಡೆ ಕೈ ಮಾಡಿ. “ದೂರ ಎಲ್ಲರ ನಿಂತಿದ್ರ ನನಗ ಫೋನ್ ಹಚ್ರಿ, ಬರ್ತೀನಿ.” ಆಮೇಲೆ ಕಾಗದ ತಿರುಗಿಸಿ ತೋರಿಸಿದ. “ಆ ಡೀಸಲ್ ಖರ್ಚ ಇದ್ರಾಗ ಹಿಡಿದಿಲ್ಲ, ಈಗ ಹೇಳಿದೀನಿ.”